ರಷ್ಯದ ಗೆಳತಿಗೆ ಕನ್ನಡದ ದಾರಿಯಲ್ಲಿ ಇಂಗ್ಲಿಷ್

ಪುಣೆಗೆ ಬಂದು 26 ವರ್ಷವಾಯಿತು. ಯಾರಾದರೂ ಊರು ಕೇಳಿದಾಗ "ಬೀದರ್" ಎಂದರೆ ಇಲ್ಲಿಯವರು ಒಂದು ಕ್ಷಣ ತಡೆಯುತ್ತಾರೆ. "ಅದು ತೆಲಂಗಾಣದಲ್ಲಲ್ಲವೇ?" ಎನ್ನುವವರೂ ಇದ್ದಾರೆ. ಮೈಸೂರು ಕಡೆಯ ನಮ್ಮವರೇ "ಅಷ್ಟು ದೂರವೇ!" ಎಂದು ಮರುಕಪಟ್ಟದ್ದುಂಟು. ಹೀಗಿರುವಾಗ, ನಮ್ಮ ಸೊಸೈಟಿಗೆ ಆಗಷ್ಟೇ ಬಾಡಿಗೆಗೆ ಬಂದಿದ್ದ ರಷ್ಯದ ಹೆಣ್ಣುಮಗಳೊಬ್ಬಳು ಲಿಫ್ಟಿನಲ್ಲಿ ನನ್ನ ಊರಿನ ಹೆಸರು ಕೇಳಿದ್ದೇ ಕಣ್ಣರಳಿಸಿ "ಬೀದರ್! ನಿಕೀತಿನ್!" ಎಂದು ಕೂಗಿದಾಗ, ನಾನು ಇಳಿಯಬೇಕಾದ ಮಹಡಿ ದಾಟಿಹೋಯಿತು.

ಅಫನಾಸಿ ನಿಕೀತಿನ್ 15ನೇ ಶತಮಾನದ ವ್ಯಾಪಾರಿ. ವೋಲ್ಗಾ ದಂಡೆಯ ತ್ವೇರ್ ನಗರದವನು. ಮುಂಬಯಿಯ ದಕ್ಷಿಣಕ್ಕಿರುವ ಚೌಲ್ ಬಂದರಿನಲ್ಲಿ ಕುದುರೆಯೊಂದಿಗೆ ಇಳಿದು, ಜುನ್ನರ್ ಮೇಲೆ ಹಾದು, ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ನಮ್ಮ ಬೀದರಿಗೆ ಬಂದಿದ್ದ. ಜುನ್ನರಿನಲ್ಲಿ ಅಲ್ಲಿಯ ಖಾನ ಕುದುರೆಯನ್ನೇ ಕಿತ್ತುಕೊಂಡ. ಖುರಾಸಾನಿನವನೊಬ್ಬ ನಡುವೆ ಬಂದು ಇವನ ಪರವಾಗಿ ಮಾತಾಡಿ ಬಿಡಿಸಿಕೊಟ್ಟ. ನಿಕೀತಿನ್ ಬರೆದಿಟ್ಟ ಟಿಪ್ಪಣಿಗಳಲ್ಲಿ ರಷ್ಯನ್ನಿನ ಮಧ್ಯೆ ಪಾರ್ಸಿ, ತುರ್ಕಿ, ಅರಬ್ಬೀ ಮಾತುಗಳು ಬೆರೆತಿವೆ. ಪರದೇಶದಲ್ಲಿ ಬದುಕಿದವನ ಬಾಯಿ ಅದು. ನಾನು ಶಾಲೆಯಲ್ಲಿ ಅವನ ಹೆಸರನ್ನು ಒಂದು ಸಾಲಿನಲ್ಲಿ ಓದಿ ಮರೆತಿದ್ದೆ. ಈಕೆಯೋ ತ್ವೇರಿನವಳೇ. ಅಲ್ಲಿ ನದಿಯ ದಂಡೆಯಲ್ಲಿರುವ ಅವನ ಪ್ರತಿಮೆಯ ಮುಂದೆ ಆಡಿ ಬೆಳೆದವಳು.

ಊರಲ್ಲಿ ಆಕೆ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತಿದ್ದಳು. ರಷ್ಯದಲ್ಲಿ ಓದಲು ಹೋಗಿದ್ದ ನಾಗಪುರ ಕಡೆಯ ಹುಡುಗನನ್ನು ಮದುವೆಯಾಗಿ, ಆತನಿಗೆ ಪುಣೆಯಲ್ಲಿ ಕೆಲಸ ಸಿಕ್ಕ ಮೇಲೆ ಆರು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದಳು. ಗಂಡ ಮನೆಯಲ್ಲಿ ರಷ್ಯನ್ನಲ್ಲೇ ಮಾತಾಡುತ್ತಾನೆ, ತಿಂಗಳಲ್ಲಿ ಹದಿನೈದು ದಿನ ಟೂರಿನಲ್ಲಿರುತ್ತಾನೆ. ಶಾಲೆಯಲ್ಲಿ ಆಕೆ ಕಲಿತ ಪರಭಾಷೆ ಜರ್ಮನ್. ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಎಸ್, ನೋ, ಥ್ಯಾಂಕ್ಯೂ ಮತ್ತು ನಾಲ್ಕಾರು ಪ್ರಶ್ನೆ. ಥ್ಯಾಂಕ್ಯೂ ಕೂಡ 'ಸೆಂಕ್ಯೂ'.

ಮೊದಮೊದಲಿನ ಫಜೀತಿಗಳು ನಗು ತರುವಂಥವು. ವಾಚ್‌ಮನ್ನನಿಗೆ "ಮ್ಯಾಗಜೀನ್ ಎಲ್ಲಿ?" ಎಂದು ಕೇಳಿದಳು. ಆತ ಪೇಪರ್ ಮಾರುವವನ ಹತ್ತಿರ ಕಳಿಸಿದ. ರಷ್ಯನ್ನಿನಲ್ಲಿ ಮಗಜೀನ್ ಎಂದರೆ ಅಂಗಡಿ. ಆಕೆಗೆ ಬೇಕಾಗಿದ್ದದ್ದು ಹಾಲು, ಬ್ರೆಡ್ಡು. ಸೊಸೈಟಿಯ ಫಾರ್ಮಿನಲ್ಲಿ 'ಫ್ಯಾಮಿಲಿ' ಎಂಬ ಕಾಲಮ್ಮಿನಲ್ಲಿ ಮೂರು ಜನ ಎಂದು ಬರೆಯುವ ಬದಲು ತನ್ನ ಅಡ್ಡಹೆಸರು ಬರೆದಳು, ಏಕೆಂದರೆ ಅವರ ಫಮೀಲಿಯಾ ಎಂದರೆ ಅದೇ. ನನಗೆ ಇದು ಹೊಸದೇನಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಹಿಂದಿಯವರೊಬ್ಬರು ತಮ್ಮ ಮಗನಿಗೆ ಒಳ್ಳೆಯ 'ಶಿಕ್ಷಾ' ಕೊಡಿಸುತ್ತಿದ್ದೇವೆ ಎಂದಾಗ ಆ ಹುಡುಗ ಏನು ತಪ್ಪು ಮಾಡಿದನಪ್ಪಾ ಎಂದು ನಾನು ಗಾಬರಿಯಾಗಿದ್ದೆ.

ನಗು ತರಿಸದ ಒಂದು ಘಟನೆಯೂ ನಡೆಯಿತು. ಗಂಡ ಊರಲ್ಲಿರಲಿಲ್ಲ. ಎರಡು ದಿನದಿಂದ ಜ್ವರ, ಗಂಟಲು ನೋವು, ಧ್ವನಿ ಹೊರಡುತ್ತಿಲ್ಲ. ರಾತ್ರಿ ಒಬ್ಬಳೇ ಮಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದವಳು ಚೀಟಿಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಆಂಜೈನಾ' ಎಂಬ ಪದ ಬರೆದು ಕೊಟ್ಟಳು. ರಷ್ಯನ್ನರು ಅದನ್ನು 'ಅಂಗೀನಾ' ಎಂದು ಓದುತ್ತಾರೆ. ಅವರಲ್ಲಿ ಅದು ಟಾನ್ಸಿಲ್ ಬಾವು. ನಮ್ಮ ಡಾಕ್ಟರಿಗೆ ಅದು ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು. ತಕ್ಷಣ ಮಲಗಿಸಿ ಇಸಿಜಿ ತಂತಿ ಹಚ್ಚಿದರು. ಮಗು ಒಂದೇ ಸಮನೆ ಅಳುತ್ತಿತ್ತು. ಆಕೆ ನನಗೆ ಫೋನು ಮಾಡಿ, ಏನೂ ಹೇಳಲಾಗದೆ, ಬರೀ "ಪ್ಲೀಸ್, ಪ್ಲೀಸ್" ಎನ್ನುತ್ತಿದ್ದಳು. ನಾನು ಹೋಗಿ ಗಂಟಲು ಮುಟ್ಟಿ ತೋರಿಸಿದ ಮೇಲೆ ಅವರು ಟಾರ್ಚು ಹಾಕಿ ನೋಡಿದರು. ಆ ಡಾಕ್ಟರದ್ದೂ ತಪ್ಪಲ್ಲ, ಬರೆದುಕೊಟ್ಟದ್ದನ್ನೇ ನಂಬಿದ್ದರು.

ವಾಪಸು ಬರುವಾಗ ಆಟೋದಲ್ಲಿ ಆಕೆ ಮೊಬೈಲಿನಲ್ಲಿ ಏನೋ ಟೈಪು ಮಾಡಿ ಅನುವಾದ ತೋರಿಸಿದಳು. "ನನ್ನ ಭಾಷೆಯಲ್ಲಿ ನಾನು ಬುದ್ಧಿವಂತೆ" ಎಂದಿತ್ತು. ಕಲಿಸಬೇಕು ಎಂದು ನಾನು ನಿಶ್ಚಯಿಸಿದ್ದು ಆಗಲೇ.

ಕಲಿಸಲು ನನಗಿದ್ದ ಯೋಗ್ಯತೆ ಒಂದೇ. ನನ್ನದೂ ಕಲಿತ ಇಂಗ್ಲಿಷ್. ಐದನೇ ಇಯತ್ತೆಯಲ್ಲಿ ಎಬಿಸಿಡಿ, ಡಿಗ್ರಿವರೆಗೂ ಕನ್ನಡ ಮೀಡಿಯಂ. ಪುಣೆಯ ಮೊದಲ ನೌಕರಿಯಲ್ಲಿ ಫೋನು ಬಾರಿಸಿದರೆ ಬಾತ್‌ರೂಮಿಗೆ ಓಡುತ್ತಿದ್ದವಳು ನಾನು. ಆದರೂ ಶುರುವಿನಲ್ಲಿ ನನ್ನ ಮೇಷ್ಟ್ರುಗಳು ಮಾಡಿದ್ದನ್ನೇ ಮಾಡಿದೆ. ದಪ್ಪ ವ್ಯಾಕರಣ ಪುಸ್ತಕ ತಂದು 'ಎ' ಎಲ್ಲಿ, 'ದಿ' ಎಲ್ಲಿ ಎಂದು ಕೊರೆದೆ. ರಷ್ಯನ್ನಿನಲ್ಲಿ ಅವೆರಡೂ ಇಲ್ಲ. ಕನ್ನಡದಲ್ಲೂ ಇಲ್ಲ. ಇಲ್ಲದ ವಸ್ತುವಿನ ಬಗ್ಗೆ ಇಬ್ಬರು ಹೆಂಗಸರು ಒಂದು ತಿಂಗಳು ತಲೆ ಕೆಡಿಸಿಕೊಂಡೆವು. 'ದಿ' ಎಲ್ಲಿ ಹಾಕಬೇಕೆಂದು ನನಗೇ ಇನ್ನೂ ಗಟ್ಟಿಯಾಗಿ ಗೊತ್ತಿಲ್ಲ ಎಂಬುದು ಆಗ ತಿಳಿಯಿತು!

ಡಿಸೆಂಬರಿನ ಒಂದು ಸಂಜೆ ಗಾರ್ಡನ್ನಿನಲ್ಲಿ ವಾಕಿಂಗ್ ಮಾಡುತ್ತಿದ್ದೆವು. ಮಂಜಿನ ನಾಡಿನವಳು ಪುಣೆಯ ಚಳಿಗೆ ಕೈ ಉಜ್ಜಿಕೊಳ್ಳುತ್ತ "ಟು ಮಿ ಕೋಲ್ಡ್" ಎಂದಳು. ತಿದ್ದಲು ಬಾಯಿ ತೆರೆದವಳು ಹಾಗೆಯೇ ನಿಂತೆ. ನನಗೆ ಚಳಿ! ಆಕೆ ಹೇಳಿದ್ದು ಅಪ್ಪಟ ಕನ್ನಡವಲ್ಲವೇ? "ನಿಮ್ಮ ಭಾಷೆಯಲ್ಲಿ ಹೇಳು" ಎಂದೆ. "ಮ್ನ್ಯೆ ಖೋಲದ್ನ" ಎಂದಳು. ಮ್ನ್ಯೆ ಎಂದರೆ ನನಗೆ, ಖೋಲದ್ನ ಎಂದರೆ ಚಳಿ. 'ನಾನು' ಇಲ್ಲ, 'ಆಮ್' ಇಲ್ಲ.

ಅಲ್ಲಿಂದ ಮುಂದೆ ಬೆಂಚಿನ ಮೇಲೆ ಕೂತು ಒಂದೊಂದೇ ಹೊಂದಿಸಿ ನೋಡಿದೆವು. ನನಗೆ 34 ವರ್ಷ ಎಂದು ನಾವು ಹೇಳಿದ ಹಾಗೆಯೇ ಅವರೂ ಹೇಳುತ್ತಾರೆ. ನನಗೆ ಇಷ್ಟ ಎನ್ನುವುದೂ ಹಾಗೆಯೇ. ನನ್ನ ಹತ್ತಿರ ಪುಸ್ತಕ ಇದೆ ಎಂಬುದಕ್ಕೆ ಅವರಲ್ಲೂ 'ನನ್ನ ಹತ್ತಿರ'ವೇ. ಅವನು ಡಾಕ್ಟರ್ ಎಂದರೆ ಮುಗಿಯಿತು, ನಡುವೆ 'ಈಸ್' ಬೇಕಿಲ್ಲ. ನಾವು ಉ, ಅನ್ನು, ಇಂದ, ಗೆ ಎಂದು ಬಾಯಿಪಾಠ ಮಾಡಿದ ವಿಭಕ್ತಿ ಅವರಿಗೂ ಉಂಟು, ಆರು. ಹಾಗಾಗಿ ಪದಗಳನ್ನು ಹಿಂದೆ ಮುಂದೆ ಮಾಡಿದರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಹಾಗೆ ಮಾಡಿದರೆ ಹುಲಿ ಮನುಷ್ಯನನ್ನು ತಿನ್ನುವ ಬದಲು ಮನುಷ್ಯನೇ ಹುಲಿಯನ್ನು ತಿಂದುಬಿಡುತ್ತಾನೆ. ಆಕೆ ಎಡವುತ್ತಿದ್ದ ಜಾಗಗಳೆಲ್ಲ ನಾನು ಮೂವತ್ತು ವರ್ಷದ ಹಿಂದೆ ಎಡವಿ ಬಿದ್ದಿದ್ದ ಜಾಗಗಳೇ. ಪುಸ್ತಕ ಮುಚ್ಚಿಟ್ಟೆ. ಮೊದಲು ನನ್ನೊಳಗೆ ಕನ್ನಡದಲ್ಲಿ ಹೇಳಿಕೊಂಡು, ಅಲ್ಲಿಂದ ಇಂಗ್ಲಿಷಿಗೆ ನಾನು ಹೇಗೆ ದಾಟಿದ್ದೆನೋ ಅದನ್ನೇ ಆಕೆಗೆ ತೋರಿಸತೊಡಗಿದೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಕೊಡು–ಕೊಡಿ. ಆಕೆ ಅಂಗಡಿಯಲ್ಲಿ "ಗಿವ್ ವಾಟರ್" ಎನ್ನುತ್ತಿದ್ದಳು, ಮುಖದಲ್ಲಿ ನಗುವೂ ಇಲ್ಲದೆ. ಸೊಸೈಟಿಯ ಹೆಂಗಸರು ಆಕೆಗೆ ಜಂಬ ಎಂದು ತೀರ್ಮಾನಿಸಿಯಾಗಿತ್ತು. ರಷ್ಯನ್ನಿನಲ್ಲಿ ದಾಯ್ ಎಂದರೆ ಕೊಡು, ದಾಯ್ತೆ ಎಂದರೆ ಕೊಡಿ. ನೀನು–ನೀವು ಕೂಡ ಬೇರೆ ಬೇರೆ. ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇರುತ್ತದೆ, ನಮ್ಮ ಕಡೆಯ 'ರೀ' ಇದ್ದ ಹಾಗೆ. ಇಂಗ್ಲಿಷಿನ ಗಿವ್‌ಗೆ ಬಾಲವೇ ಇಲ್ಲ. "ಅದಕ್ಕೇ ಅವರು ಪ್ಲೀಸ್, ಕುಡ್ ಯು ಎಂದೆಲ್ಲ ಹೊರಗಿನಿಂದ ಮರ್ಯಾದೆ ತಂದು ಅಂಟಿಸುತ್ತಾರೆ" ಎಂದೆ. ಗಣಿತದ ಟೀಚರಿಗೆ ಇದು ತಟ್ಟನೆ ಹೊಳೆಯಿತು. ಮರುದಿನದಿಂದ ತರಕಾರಿಯವಳಿಗೂ "ಕುಡ್ ಯು ಪ್ಲೀಸ್". ಆ ಮಾವಶಿಗೆ ಬರುವುದು ಮರಾಠಿ ಮಾತ್ರ ಎಂಬುದು ಬೇರೆ ಮಾತು. ಅಲ್ಲಿ "ಕಿತೀ?" ಎನ್ನಲು ಆಕೆ ಯಾರ ಸಹಾಯವೂ ಇಲ್ಲದೆ ಕಲಿತಿದ್ದಳು.

ಉಚ್ಚಾರಣೆಗೂ ನಮ್ಮ ವರ್ಣಮಾಲೆ ನೆರವಾಯಿತು. ಅರ್ಥ ಬೇರೆ ಮಾಡುವ ಹ್ರಸ್ವ ದೀರ್ಘ ರಷ್ಯನ್ನಿನಲ್ಲಿಲ್ಲ, ಹಡಗೂ ಕುರಿಯೂ ಎರಡೂ ಶಿಪ್ಪೇ. ಇ ಎಂದರೆ ಒಂದು ಚಪ್ಪಾಳೆ, ಈ ಎಂದರೆ ಎರಡು ಎಂದು ಮಾತ್ರೆ ಎಣಿಸಿ ಹೇಳಿಸಿದೆ. ಪದದ ಕೊನೆಯ ಗ, ಡ, ಬ ಅವರ ಬಾಯಲ್ಲಿ ಕ, ಟ, ಪ ಆಗುತ್ತವೆ. ಬ್ಯಾಗ್ ಹೋಗಿ ಬ್ಯಾಕ್. ನಾವು ಕನ್ನಡಿಗರು ಬ್ಯಾಗು ಎಂದು ಉಕಾರ ಹಚ್ಚಿ ನಗೆಗೀಡಾಗುತ್ತೇವಲ್ಲ, ಅದನ್ನೇ ಮದ್ದಾಗಿ ಕೊಟ್ಟೆ. "ಬ್ಯಾಗು ಎನ್ನು, ಉಕಾರವನ್ನು ನುಂಗಿಬಿಡು." ಫಲಿಸಿತು! ಆಕೆಯೂ ನನಗೆ ಒಂದೊಂದು ಪದ ಕೊಡುತ್ತಿದ್ದಳು. ಸಾಖರ್ ಎಂದರೆ ಸಕ್ಕರೆ. ಅಗೋನ್ ಎಂದರೆ ಬೆಂಕಿ, ಅಗ್ನಿ. ವದಾ ಎಂದರೆ ನೀರು, ನಮ್ಮ ಪೂಜೆಯ ಉದಕದ ದೂರದ ನೆಂಟ.

ಕಷ್ಟವಾದದ್ದು ಫೋನು. ಎದುರಿಗಿದ್ದರೆ ಕೈ ಸನ್ನೆ ಇದೆ, ಮುಖವಿದೆ. ಫೋನಿನಲ್ಲಿ ಬರೀ ಮಾತು. ಅದಕ್ಕೆ ನಾನು ನನ್ನ ಮನೆಯಿಂದ, ಆಕೆ ತನ್ನ ಮನೆಯಿಂದ ನಾಟಕ ಮಾಡಿದೆವು. ಒಂದು ದಿನ ನಾನು ಗ್ಯಾಸಿನವಳು, ಒಂದು ದಿನ ಓಟಿಪಿ ಕೇಳುವ ಕೊರಿಯರಿನವ, ಒಂದು ದಿನ ಸ್ಕೂಲ್ ಬಸ್ಸಿನವ. ಬೇಕೆಂದೇ ಗಡಿಬಿಡಿಯಲ್ಲಿ ಮಾತಾಡುತ್ತಿದ್ದೆ. ಆಕೆ ಕಲಿಯಬೇಕಾಗಿದ್ದದ್ದು ಒಂದೇ ವಾಕ್ಯ, "ಸ್ಲೋಲಿ ಪ್ಲೀಸ್, ಒನ್ ಮೋರ್ ಟೈಮ್". ಅದನ್ನು ನಾಚಿಕೆಯಿಲ್ಲದೆ ಹೇಳಲು ಎರಡು ತಿಂಗಳು ಹಿಡಿಯಿತು.

ಇಷ್ಟೆಲ್ಲ ಮಾಡಿ ನಾನು ಒಂದು ತಪ್ಪು ಮಾಡುತ್ತಿದ್ದೆ. ಬ್ಯಾಂಕಿರಲಿ, ಸೊಸೈಟಿ ಮೀಟಿಂಗಿರಲಿ, ಆಕೆ ಬಾಯಿ ತೆರೆಯುವ ಮೊದಲೇ ನಾನು ಉತ್ತರ ಹೇಳಿಬಿಡುತ್ತಿದ್ದೆ. ಪಾಪ, ಎಷ್ಟು ಹೊತ್ತು ತಡಬಡಾಯಿಸುತ್ತಾಳೆ ಎಂಬ ಕನಿಕರ. ಒಂದು ದಿನ ಬ್ಯಾಂಕಿನಿಂದ ಹೊರಗೆ ಬಂದವಳೇ, "ಅಕ್ಕಾ, ಇವತ್ತು ನನಗೆ ಆ ಉತ್ತರ ಗೊತ್ತಿತ್ತು" ಎಂದಳು. ಮೆಟ್ಟಿಲಿಳಿದು ಸ್ಕೂಟರಿನ ತನಕ ನಾನು ಮಾತಾಡಲಿಲ್ಲ. ನಿಕೀತಿನನ ಪರ ಮಾತಾಡಿದ ಖುರಾಸಾನಿನವ ಒಮ್ಮೆ ಕುದುರೆ ಬಿಡಿಸಿ ತನ್ನ ದಾರಿ ಹಿಡಿದಿರಬೇಕು. ನಾನು ಆಕೆಯ ಪಕ್ಕ ಬಿಟ್ಟು ಕದಲಿರಲಿಲ್ಲ.

ಫೆಬ್ರವರಿಯಲ್ಲಿ ಮಗನ ಡೈರಿಯಲ್ಲಿ ಟೀಚರ್ ಬರೆದಿದ್ದರು. ಹುಡುಗ ಕ್ಲಾಸಿನಲ್ಲಿ ಮಾತಾಡುವುದಿಲ್ಲ, ಇನ್ನು ಮೇಲೆ ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ, ಬಂದು ಕಾಣಿ. ಅದನ್ನು ಓದಿ ನನಗೆ ಎದೆಯಲ್ಲಿ ಚುಚ್ಚಿದಂತಾಯಿತು. ನನ್ನ ಮಗ ಕೆಜಿಯಲ್ಲಿದ್ದಾಗ ನಮಗೂ ಇದೇ ಮಾತು ಹೇಳಿದ್ದರು. ನಾವಿಬ್ಬರೂ ತಲೆಯಾಡಿಸಿ ಬಂದೆವು. ಅಂದಿನಿಂದ ಮನೆಯಲ್ಲಿ ಕಮ್, ಗೋ, ಈಟ್. ಇವತ್ತು ಬೀದರಿನಿಂದ ನಮ್ಮವ್ವ ಫೋನು ಮಾಡಿದರೆ ಆತ "ಹಾಂ ಅಜ್ಜಿ, ಆರಾಮ್ ಇದ್ದೀನಿ" ಎಂದು ಒಂದೇ ವಾಕ್ಯ ಹೇಳಿ ಫೋನು ನನ್ನ ಕೈಗೆ ಕೊಡುತ್ತಾನೆ. ಅವನ ಇಂಗ್ಲಿಷ್ ಚೆನ್ನಾಗಿದೆ, ಸುಳ್ಳೇಕೆ ಹೇಳಲಿ. ಆದರೆ ಅಜ್ಜಿ ಫೋನು ಇಟ್ಟ ಮೇಲೆ ಏನು ಯೋಚಿಸುತ್ತಾಳೋ ನಾನು ಕೇಳಿಲ್ಲ.

ಗೆಳತಿ ಮೂರು ರಾತ್ರಿ ಕೂತು ನೋಟುಬುಕ್ಕಿನಲ್ಲಿ ತಾನೇ ಇಂಗ್ಲಿಷಿನಲ್ಲಿ ಬರೆದುಕೊಂಡಳು. ಕನ್ನಡದಲ್ಲಿ ಹೇಳಿದರೆ ಅದು ಹೀಗೆ: "ನನ್ನ ತಾಯಿ ತ್ವೇರಿನಲ್ಲಿದ್ದಾಳೆ. ಅವಳ ಹತ್ತಿರ ರಷ್ಯನ್ ಮಾತ್ರ ಇದೆ. ನನ್ನ ಮಗ ರಷ್ಯನ್ ಮರೆತರೆ ಅವಳಿಗೆ ಮೊಮ್ಮಗ ಇಲ್ಲ. ಇಂಗ್ಲಿಷ್ ನೀವು ಕಲಿಸಿ. ನಾನು ಮನೆಯಲ್ಲಿ ರಷ್ಯನ್ ಮಾತಾಡುತ್ತೇನೆ." ಇಂಗ್ಲಿಷಿನಲ್ಲಿ ನಾಲ್ಕು ಕಡೆ ತಪ್ಪಿತ್ತು. ಪೆನ್ನು ಎತ್ತಿಕೊಂಡಿದ್ದೆ, ಕೆಳಗಿಟ್ಟೆ.

ಶಾಲೆಯವರೆಗೆ ನನ್ನ ಸ್ಕೂಟರಿನಲ್ಲೇ ಹೋದೆವು. ಬಾಗಿಲ ಹತ್ತಿರ ಆಕೆ ನನ್ನ ಮುಖ ನೋಡಿದಳು. ನಾನು ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟೆ. ಕಾಲು ಗಂಟೆ ಕಳೆಯಿತು. ಒಳಗೆ ಟೀಚರ ಧ್ವನಿ, ಆಮೇಲೆ ಮೌನ, ಆಮೇಲೆ ಆಕೆಯ ಧ್ವನಿ. ಎದ್ದು ಒಳಗೆ ಹೋಗಲು ಎರಡು ಸಲ ಕಾಲು ಮುಂದೆ ಹೋಯಿತು.

ಹೊರಗೆ ಬಂದಾಗ ಮುಖ ಕೆಂಪಗಾಗಿತ್ತು. "ಏನಂದರು?" ಎಂದೆ. "ಬಹಳ ಬೇಗ ಮಾತಾಡಿದರು. ನಾನು ಸ್ಲೋಲಿ ಪ್ಲೀಸ್ ಎಂದೆ. ಆಮೇಲೆ ನಿಧಾನ ಮಾತಾಡಿದರು." ಮಗನನ್ನು ಹೆಚ್ಚು ಮಾತಾಡುವ ಹುಡುಗಿಯೊಬ್ಬಳ ಪಕ್ಕದಲ್ಲಿ ಕೂಡಿಸುತ್ತಾರಂತೆ, ಎರಡು ತಿಂಗಳು ನೋಡೋಣ ಎಂದರಂತೆ. ಮನೆಯ ಭಾಷೆಯ ಮಾತು ಮತ್ತೆ ಎತ್ತಲಿಲ್ಲವಂತೆ. "ಮೂರು ಸಲ 'ದಿ' ಹೇಳಿದೆ. ಸರಿಯಾದ ಜಾಗದಲ್ಲೋ ಗೊತ್ತಿಲ್ಲ" ಎಂದು ನಕ್ಕಳು.

ಅಷ್ಟರಲ್ಲಿ ಮಗ ಮೈದಾನದಿಂದ ಓಡಿ ಬಂದ. ಬೆವತು ಹೋಗಿದ್ದ. "ಮಾಮಾ, ದಾಯ್ ವದೀ" ಎಂದ. ಆಕೆ ಬ್ಯಾಗು ತೆರೆಯುವ ಮೊದಲೇ ನನ್ನ ಕೈ ನೀರಿನ ಬಾಟಲಿ ಹೊರತೆಗೆದಿತ್ತು.