ಅಂತರ್ಜಾಲದ ಆಧಾರಗಳನ್ನು ಒರೆಗೆ ಹಚ್ಚುವುದು ಹೇಗೆ?

ಪ್ರಬಂಧ ಬರೆಯಹೊರಟ ವಿದ್ಯಾರ್ಥಿಗೆ ಅಂತರ್ಜಾಲದಲ್ಲಿ ಆಧಾರಗಳು ರಾಶಿರಾಶಿಯಾಗಿ ದೊರೆಯುವುವು. ಅವುಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ತೂರಿ ನೋಡುವ ಕ್ರಮವನ್ನು ಒಂದು ನಿದರ್ಶನದಿಂದ ತಿಳಿಯೋಣ.

ಕೆಲವು ವಸ್ತುಗಳನ್ನು ಬಹಳವಾಗಿ ತಣಿಸಿದಾಗ ಅವುಗಳ ವಿದ್ಯುದ್ರೋಧವು ಸಂಪೂರ್ಣವಾಗಿ ಮಾಯವಾಗುವುದು. ಇದೇ ಅತಿವಾಹಕತೆ. 2023ರ ಜುಲೈ ತಿಂಗಳಿನಲ್ಲಿ ದಕ್ಷಿಣ ಕೊರಿಯದ ಕೆಲವು ಸಂಶೋಧಕರು, ಸೀಸ, ತಾಮ್ರ, ರಂಜಕ, ಆಮ್ಲಜನಕಗಳಿಂದ ಕೂಡಿದ ‘ಎಲ್‌ಕೆ-99’ ಎಂಬ ವಸ್ತುವು ತಣಿಸದೆಯೇ ಅತಿವಾಹಕವಾಗಿರುವುದೆಂದು ಸಾರಿದರು. ಅದರ ಚೂರೊಂದು ಅಯಸ್ಕಾಂತದ ಮೇಲೆ ಅರೆಬರೆಯಾಗಿ ತೇಲುವ ಚಲಚ್ಚಿತ್ರವು ಕೆಲವೇ ದಿನಗಳಲ್ಲಿ ಲೋಕವನ್ನೆಲ್ಲ ಸುತ್ತಿತು.

ಇಲ್ಲಿ ನಾವು ಕೇಳಬೇಕಾದ ಮೊದಲನೆಯ ಪ್ರಶ್ನೆ: ಮೂಲ ಲೇಖನವೆಲ್ಲಿ? ಅದು ‘ಆರ್ಕೈವ್’ ಎಂಬ ಭಂಡಾರದಲ್ಲಿತ್ತು. 1991ರಲ್ಲಿ ಆರಂಭವಾದ ಈ ಭಂಡಾರವು ಭೌತವಿಜ್ಞಾನಿಗಳಿಗೆ ಬಹು ಉಪಕಾರಿ. ಆದರೆ ಅಲ್ಲಿ ಲೇಖನಗಳನ್ನು ಸ್ಥೂಲವಾಗಿ ನೋಡಿ ಸೇರಿಸಿಕೊಳ್ಳುವರೇ ಹೊರತು, ತಜ್ಞರಿಂದ ವಿವರವಾಗಿ ವಿಮರ್ಶೆ ಮಾಡಿಸುವುದಿಲ್ಲ.

ಎರಡನೆಯದು: ತಜ್ಞರ ವಿಮರ್ಶೆ ನಡೆದಿದೆಯೆ? ಇದು ಮುಖ್ಯವಾದರೂ ಕೊನೆಯ ಮಾತಾಗದು. ಇಂಥದೇ ಪ್ರತಿಪಾದನೆಯುಳ್ಳ ಬೇರೊಂದು ಲೇಖನವನ್ನು ‘ನೇಚರ್’ ಪತ್ರಿಕೆಯು ವಿಮರ್ಶೆಯ ಬಳಿಕ 2020ರಲ್ಲಿ ಪ್ರಕಟಿಸಿ, 2022ರಲ್ಲಿ ಹಿಂತೆಗೆದುಕೊಂಡಿತು. ಆದಕಾರಣ ಲೇಖನವನ್ನು ಆಧಾರವಾಗಿ ಬಳಸುವ ಮುನ್ನ ಪತ್ರಿಕೆಯ ತಾಣದಲ್ಲಿ ಅದರ ಈಗಿನ ಸ್ಥಿತಿಯನ್ನು ನೋಡತಕ್ಕದ್ದು.

ಮೂರನೆಯದು: ಬೇರೆಯವರು ಮಾಡಿದಾಗಲೂ ಅದೇ ಫಲ ಬಂದಿತೆ? ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ತಯಾರಿಸಿದ ಮಾದರಿಯಲ್ಲಿ ಅತಿವಾಹಕತೆ ಕಾಣಲಿಲ್ಲ. ಕೊರಿಯದ ಮಾದರಿಯಲ್ಲಿ ಸುಮಾರು 104 ಡಿಗ್ರಿ ಸೆಂಟಿಗ್ರೇಡಿನ ಬಳಿ ರೋಧವು ಥಟ್ಟನೆ ಇಳಿದುದೇನೋ ನಿಜ. ಆದರೆ ಅದರಲ್ಲಿ ಬೆರಕೆಯಾಗಿದ್ದ ತಾಮ್ರದ ಸಲ್ಫೈಡು ತಣಿಯುವಾಗ ಹೆಚ್ಚುಕಡಿಮೆ ಅದೇ ಉಷ್ಣತೆಯಲ್ಲಿ ತನ್ನ ಹರಳಿನ ರಚನೆಯನ್ನು ಬದಲಿಸುವುದು. ಆಗ ಅದರ ರೋಧವೂ ಕುಸಿಯುವುದು. ಅರೆಬರೆ ತೇಲುವಿಕೆಯಾದರೋ ಸಾಮಾನ್ಯ ಕಾಂತತ್ವದಿಂದಲೂ ಉಂಟಾಗಬಲ್ಲುದು. ಜರ್ಮನಿಯ ಸ್ಟುಟ್‌ಗಾರ್ಟಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಬೆರಕೆಯಿಲ್ಲದ ಹರಳನ್ನು ಬೆಳೆಸಿ ನೋಡಿದಾಗ ಅದು ವಿದ್ಯುತ್ತನ್ನು ಹರಿಯಗೊಡದ ನಿರೋಧಕವೆಂದು ತಿಳಿದುಬಂದಿತು.

ಕೊರಿಯದ ಲೇಖನವೊಂದನ್ನೇ ನೆಚ್ಚಿ ಪ್ರಬಂಧ ಬರೆದವನ ಗತಿಯೇನು? ತಾನು ನೂರು ತಾಣಗಳನ್ನು ಓದಿದ್ದೆನೆಂದು ಅವನು ವಾದಿಸಬಹುದು. ಆದರೆ ಆ ನೂರೂ ಒಂದೇ ಮೂಲವನ್ನು ನಕಲು ಮಾಡಿದ್ದರೆ ನ್ಯಾಯವಾಗಿ ಅವನಿಗೆ ದೊರೆತದ್ದು ಒಂದೇ ಸಾಕ್ಷಿ. ಎರಡನೆಯ ಪ್ರಯೋಗಶಾಲೆಯ ಸಾಕ್ಷ್ಯ ಬರುವವರೆಗೆ ‘ಹೀಗೆಂದು ಹೇಳಲಾಗಿದೆ’ ಎಂದಷ್ಟೇ ಬರೆಯುವುದು ವಿಜ್ಞಾನದ ವಿದ್ಯಾರ್ಥಿಗೆ ಒಪ್ಪುವ ನಡೆ.