ಮೇಣದಲ್ಲಿ ಅಡಗಿದ ಹಾಡುಗಳು

1900ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಸಯಾಮ್ ದೇಶದ, ಎಂದರೆ ಇಂದಿನ ಥಾಯ್ಲೆಂಡಿನ, ವಾದ್ಯವೃಂದವೊಂದು ಬರ್ಲಿನ್ ನಗರಕ್ಕೆ ಬಂದಿತ್ತು. ಕಾರ್ಲ್ ಸ್ಟುಂಫ್ ಎಂಬ ಮನಶ್ಶಾಸ್ತ್ರಜ್ಞರು ಅವರ ವಾದನವನ್ನು ಎಡಿಸನ್ ಕಂಡುಹಿಡಿದ ಫೋನೋಗ್ರಾಫ್ ಯಂತ್ರದಿಂದ ಮೇಣದ ಉರುಳೆಗಳಲ್ಲಿ ಮುದ್ರಿಸಿಕೊಂಡರು. ಲೋಕದ ನಾನಾ ಜನಾಂಗಗಳ ಸಂಗೀತವನ್ನು ಕೂಡಿಡುವ ಬರ್ಲಿನ್ನಿನ ಧ್ವನಿಸಂಗ್ರಹಕ್ಕೆ ಇದೇ ನಾಂದಿಯಾಯಿತು. ಕ್ಷಣಮಾತ್ರದಲ್ಲಿ ಅಳಿದುಹೋಗುವ ನಾದವು ಮೇಣದಲ್ಲಿ ನಿಲ್ಲುವುದು ಹೇಗೆ? ನಿಂತದ್ದು ಉಳಿಯುವುದು ಹೇಗೆ?

ಧ್ವನಿಯೆಂದರೆ ಗಾಳಿಯ ಒತ್ತಡದಲ್ಲಿ ಉಂಟಾಗುವ ಏರಿಳಿತ. ಕಹಳೆಯಾಕಾರದ ಕೊಳವೆಯ ಎದುರು ಹಾಡಿದಾಗ ಆ ಏರಿಳಿತವು ಕೊಳವೆಯ ತುದಿಯ ತೆಳುವಾದ ಪೊರೆಯನ್ನು ನಡುಗಿಸುತ್ತದೆ. ಪೊರೆಗೆ ಜೋಡಿಸಿದ ಸೂಜಿಯು ತಿರುಗುತ್ತಿರುವ ಉರುಳೆಯನ್ನು ಒಮ್ಮೆ ಆಳವಾಗಿ, ಒಮ್ಮೆ ಮೇಲುಮೇಲಾಗಿ ಕೊರೆಯುತ್ತದೆ. ಹೀಗೆ ಕಂಪನವು ಗೀರಿನ ತಳದಲ್ಲಿ ಹಳ್ಳದಿಣ್ಣೆಗಳಾಗಿ ನೆಲೆಗೊಳ್ಳುತ್ತದೆ. ಅವುಗಳ ಅಳತೆಯನ್ನು ನಾವೇ ಲೆಕ್ಕ ಹಾಕಬಹುದು. ಉರುಳೆಯ ಸುತ್ತಳತೆ ಸುಮಾರು 17 ಸೆಂಟಿಮೀಟರು. ಅದು ನಿಮಿಷಕ್ಕೆ 160 ಸುತ್ತು ತಿರುಗಿದರೆ, ಸೂಜಿಯಡಿಯಲ್ಲಿ ಸೆಕೆಂಡಿಗೆ ಸುಮಾರು 45 ಸೆಂಟಿಮೀಟರು ಮೇಣ ಸರಿಯುತ್ತದೆ. ಸೆಕೆಂಡಿಗೆ 435 ಕಂಪನಗಳುಳ್ಳ ಸ್ವರದ ಒಂದೊಂದು ಕಂಪನಕ್ಕೂ ದೊರೆಯುವ ಉದ್ದ ಸುಮಾರು 1 ಮಿಲಿಮೀಟರು. ಆಳದ ಏರಿಳಿತವಾದರೋ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲು!

435 ಎಂಬ ಸಂಖ್ಯೆಯನ್ನು ಸುಮ್ಮನೆ ಆರಿಸಿಕೊಂಡುದಲ್ಲ. ಕೀಲಿ ಕೊಟ್ಟು ನಡೆಸುವ ಆ ಯಂತ್ರದ ವೇಗವು ಎಲ್ಲ ಕಡೆಯೂ ಒಂದೇ ಸಮನಾಗಿರುತ್ತಿರಲಿಲ್ಲ. ಮುದ್ರಿಸಿದಾಗಿನ ವೇಗವನ್ನು ತಿಳಿಯದೆ ನುಡಿಸಿದರೆ ಶ್ರುತಿಯೂ ಲಯವೂ ಬದಲಾಗಿ, ಗಂಡಸಿನ ಕಂಠ ಮಗುವಿನ ಕಂಠವಾದೀತು. ಆದುದರಿಂದ ಬರ್ಲಿನ್ನಿನ ಸಂಗ್ರಹಕ್ಕಾಗಿ ದೂರದೇಶಗಳಲ್ಲಿ ಮುದ್ರಿಸುವವರು ಹಾಡಿಗೆ ಮೊದಲು 435 ಕಂಪನಗಳ ಪೀಪಿಯೊಂದನ್ನು ಊದುವ ಪದ್ಧತಿ ಬಂದಿತು. ಆ ಸ್ವರ ಸರಿಯಾಗಿ ಕೇಳುವಂತೆ ವೇಗವನ್ನು ಹೊಂದಿಸಿಕೊಂಡರೆ ಹಾಡೂ ತನ್ನ ನಿಜವಾದ ಶ್ರುತಿಗೆ ಬರುತ್ತದೆ.

ಆದರೆ ಮೇಣ ಬಹು ಮೃದು. ನುಡಿಸಿದಷ್ಟು ಸಲವೂ ಸೂಜಿಯು ಹಳ್ಳದಿಣ್ಣೆಗಳನ್ನು ಸವೆಯಿಸುತ್ತದೆ. ಬೂಷ್ಟು ಹಿಡಿದ, ಬಿರುಕುಬಿಟ್ಟ ಉರುಳೆಗಳ ಮೇಲಂತೂ ಸೂಜಿಯಿಡುವುದೇ ಅಪಾಯ. ಬರ್ಲಿನ್ನಿನಲ್ಲಿ ವಿದ್ಯುದ್ವಿಶ್ಲೇಷಣದ ಮೂಲಕ ಮೇಣದ ಮೇಲೆ ತಾಮ್ರವನ್ನು ಕೂಡಿಸಿ ಅಚ್ಚು ಪಡೆದು, ಅದರಿಂದ ಹೊಸ ಪ್ರತಿಗಳನ್ನು ಎರಕ ಹೊಯ್ಯುತ್ತಿದ್ದರು. ಅಚ್ಚೇನೋ ಗಟ್ಟಿ, ಆದರೆ ಅದನ್ನು ಪಡೆಯುವಾಗ ಮೂಲದ ಮೇಣ ನಾಶವಾಗುತ್ತಿತ್ತು.

ಮುಟ್ಟದೆಯೇ ಓದುವ ಉಪಾಯವನ್ನು ಸೂಚಿಸಿದವರು ಭೌತವಿಜ್ಞಾನಿಗಳು. ಅಮೆರಿಕದ ಬರ್ಕ್‌ಲಿಯಲ್ಲಿರುವ ಲಾರೆನ್ಸ್ ರಾಷ್ಟ್ರೀಯ ಪ್ರಯೋಗಾಲಯದ ಕಾರ್ಲ್ ಹೇಬರ್, ವಿಟಾಲಿ ಫದೇಯೆವ್ ಎಂಬವರು ಮೂಲಕಣಗಳನ್ನು ಪತ್ತೆಹಚ್ಚುವ ಉಪಕರಣಗಳ ಸೂಕ್ಷ್ಮ ಅಳತೆಯಲ್ಲಿ ಪಳಗಿದವರು. ಆ ಅಳತೆಯ ಕ್ರಮವನ್ನು ಅವರು ಮೊದಲು ಗ್ರಾಮಫೋನ್ ತಟ್ಟೆಗಳಿಗೆ ಅನ್ವಯಿಸಿ 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತರುವಾಯ ಮೇಣದ ಉರುಳೆಗಳಿಗೂ ವಿಸ್ತರಿಸಿದರು. ಇಲ್ಲಿ ಸೂಕ್ಷ್ಮವಾದ ಬೆಳಕಿನ ಬಿಂದುವು ಗೀರಿನ ಆಳವನ್ನು ಎಡೆ ಎಡೆಯಲ್ಲೂ ಅಳೆಯುತ್ತದೆ. ಈ ಹಳ್ಳದಿಣ್ಣೆಗಳ ಮೇಲೆ ಸೂಜಿ ಹರಿದಿದ್ದರೆ ಹೇಗೆ ಚಲಿಸುತ್ತಿತ್ತೆಂಬುದನ್ನು ಗಣಕಯಂತ್ರವು ಲೆಕ್ಕ ಹಾಕಿ ಧ್ವನಿಯನ್ನಾಗಿ ಮಾಡುತ್ತದೆ. ಬಿರುಕನ್ನೂ ಕೊಳೆಯನ್ನೂ ಲೆಕ್ಕದಲ್ಲಿಯೇ ಬಹುಮಟ್ಟಿಗೆ ತೆಗೆದುಹಾಕಬಹುದು.

ಅದೇ ಊರಿನ ವಿಶ್ವವಿದ್ಯಾನಿಲಯದ ಹರ್ಸ್ಟ್ ವಸ್ತುಸಂಗ್ರಹಾಲಯದಲ್ಲಿ, 1900ರಿಂದ 1938ರವರೆಗೆ ಮುದ್ರಿಸಿದ ಸುಮಾರು 2,700 ಉರುಳೆಗಳಿವೆ. ಅವುಗಳಲ್ಲಿರುವುದು ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಹಾಡು, ಕಥೆ, ಮಾತು. ಆ ಭಾಷೆಗಳಲ್ಲಿ ಹಲವನ್ನು ತಾಯ್ನುಡಿಯಾಗಿ ಆಡುವವರು ಇಂದು ಯಾರೂ ಉಳಿದಿಲ್ಲ. ಈ ಉರುಳೆಗಳನ್ನೂ ಬೆಳಕಿನಿಂದ ಓದಲಾಗಿದೆ. ತಮ್ಮ ಪೂರ್ವಿಕರ ನುಡಿಯನ್ನು ಮತ್ತೆ ಕಲಿಯಬಯಸುವವರಿಗೆ ಅದನ್ನು ಹೇಳಿಕೊಡಬಲ್ಲ ಕಂಠ ಆ ಮೇಣದಲ್ಲಿದೆ.