ಸಂಘದ ದಾಖಲೆ ನಮ್ಮ ಕೈಯಲ್ಲೇ

ಠರಾವು ಪುಸ್ತಕ, ಪಾಸ್‌ಬುಕ್, ಸದಸ್ಯೆಯರ ಆಧಾರ್ ಪ್ರತಿ ಎಲ್ಲದರ ಫೋಟೋ ಈಗ ಪ್ರತಿನಿಧಿಯ ಮೊಬೈಲಿನಲ್ಲೇ ಇರ್‍ತದೆ. ಮೊಬೈಲ್ ಕಳೆದರೆ? ಗೂಗಲ್ ಡ್ರೈವ್‌ಗೆ ಹಾಕಿದರೆ ಉಳಿಯುತ್ತದೆ ನಿಜ, ಆದರೆ ನಮ್ಮ ಕಾಗದ ಕಂಪನಿಯ ಕಂಪ್ಯೂಟರಿನಲ್ಲಿ ಕೂತ ಹಾಗೆ.

2013ರಲ್ಲಿ ಬಂದ ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶದಲ್ಲಿ ಹಾಗಿಲ್ಲ. ಇಬ್ಬರು ಪ್ರತಿನಿಧಿಗಳು ತಮ್ಮ ಮೊಬೈಲುಗಳನ್ನು ಒಮ್ಮೆ ಜೋಡಿಸಬೇಕು. ಎರಡೂ ಕಡೆ ಒಪ್ಪಿಗೆ ಒತ್ತದೆ ಜೋಡಣೆಯಾಗದು. ಮೊದಲ ಸಲ ಮನೆಯ ಹುಡುಗರ ಸಹಾಯ ಕೇಳೋಣ, ನಾಚಿಕೆ ಯಾಕೆ? ಆಮೇಲೆ ಎರಡೂ ಮೊಬೈಲ್ ಒಂದೇ ವೈಫೈಯಲ್ಲಿದ್ದಾಗ ಫೋಟೋ ಬೀಗ ಹಾಕಿದ ರೂಪದಲ್ಲಿ ನೇರ ದಾಟುತ್ತದೆ. ನಡುವೆ ಯಾರ ಗೋದಾಮೂ ಇಲ್ಲ.

ಒಂದು ಎಚ್ಚರ: ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಯುತ್ತದೆ. ಹಳೆಯ ಪ್ರತಿ ಉಳಿಸುವ ಸೆಟ್ಟಿಂಗನ್ನು ಎರಡರಲ್ಲೂ ಹಾಕಿಕೊಳ್ಳೋಣ. ಸ್ಕ್ರೀನ್ ಲಾಕ್ ಇಲ್ಲದ ಮೊಬೈಲಿಗೆ ಮಾತ್ರ ಈ ಕೆಲಸ ಬೇಡವೇ ಬೇಡ.